ಊರಿಗೆ ಟೀಚರ್, ಕಾಗದಕ್ಕೆ ಕಾರ್ಯಕರ್ತೆ

ಶಿಡ್ಲಘಟ್ಟದ ಕಡೆ ರೇಷ್ಮೆ ಬೆಳೆಯುವ ಯಾರನ್ನಾದರೂ ಕೇಳಿ, ಚಾಕಿ ಅಂದರೆ ಏನು ಅಂತ ಹೇಳುತ್ತಾರೆ. ಹುಳ ಮೊಟ್ಟೆಯಿಂದ ಹೊರಬಂದಾಗಿನಿಂದ ಎರಡನೇ ಜ್ವರ ಏಳುವವರೆಗಿನ ಕಾಲ ಅದು. ಹುಳ ಸೊಪ್ಪು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಅನ್ನುತ್ತಾರೆ. ಎಳೆ ಸೊಪ್ಪನ್ನೇ ಆರಿಸಿ ಸಣ್ಣಗೆ ಹೆಚ್ಚಿ ಹಾಕಬೇಕು. ಕೋಣೆಯ ಬಿಸಿ ಎಷ್ಟು, ತೇವ ಎಷ್ಟು ಅಂತ ನೋಡುತ್ತಲೇ ಇರಬೇಕು. ಈಗ ಎಷ್ಟೋ ಜನ ಮನೆಯಲ್ಲಿ ಚಾಕಿ ಸಾಕುವುದೇ ಇಲ್ಲ. ಕೆಲಸ ಕಲಿತವರು ನಡೆಸುವ ಚಾಕಿ ಕೇಂದ್ರದಿಂದ ದುಡ್ಡು ಕೊಟ್ಟು ಹುಳ ತರುತ್ತಾರೆ. ಚಾಕಿಯಲ್ಲಿ ಕೆಟ್ಟರೆ ಆಮೇಲೆ ಎಷ್ಟು ಸೊಪ್ಪು ಸುರಿದರೂ ಗೂಡು ಗಟ್ಟಿಯಾಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು.

ಹುಳದ ವಿಷಯದಲ್ಲಿ ಇಷ್ಟೆಲ್ಲ ಗೊತ್ತಿರುವ ನಾವೇ, ಮಕ್ಕಳ ವಿಷಯಕ್ಕೆ ಬಂದಾಗ "ಅಂಗನವಾಡಿ ತಾನೆ, ಊಟ ಹಾಕಿ ಮಲಗಿಸ್ತಾರೆ" ಅಂದುಬಿಡುತ್ತೇವೆ. ಈ ಮಾತು ನನಗೆ ತುಂಬಾ ನೋವು ಕೊಡುತ್ತದೆ. ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ ನೋಡಿಕೊಳ್ಳುತ್ತೇನೆ. ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು. ನಮ್ಮ ಕಾಂಪೌಂಡಿನಲ್ಲೇ ಅಂಗನವಾಡಿ ಇದೆ. ಅಲ್ಲಿಂದ ಎದ್ದು ಬಂದ ಮಕ್ಕಳೇ ನನ್ನ ಹತ್ತಿರ ಬಂದು ಕೂರುತ್ತಾರೆ. ಅವರು ಏನು ಕಲಿತು ಬರುತ್ತಾರೆ, ಏನು ಕಲಿಯದೆ ಬರುತ್ತಾರೆ ಅಂತ ಮೊದಲು ಗೊತ್ತಾಗುವುದು ನನಗೇ.

ಆ ಕೋಣೆಯಲ್ಲಿ ಏನು ನಡೆಯಬೇಕು ಅಂತ ಸರ್ಕಾರದ ಕಾಗದಗಳು ಹೇಳುತ್ತವೆ? ಅದನ್ನು ನಡೆಸುವವರಿಗೆ ಏನು ಕೊಡುತ್ತವೆ? ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅರ್ಧಕ್ಕರ್ಧ ವಿಷಯ ತಾನಾಗೇ ತಿಳಿಯುತ್ತದೆ.

ಮೊದಲು ಒಂದು ಬೆಳಿಗ್ಗೆ ಅಲ್ಲಿ ನೋಡಿದ್ದನ್ನು ಹೇಳುತ್ತೇನೆ.

ಕಾಗದದಲ್ಲಿ ಅಂಗನವಾಡಿ ಕಾರ್ಯಕರ್ತೆ ಅಂತ ಇರುವವರನ್ನು ಊರಲ್ಲಿ ಕರೆಯುವುದು ಟೀಚರ್ ಅಂತ, ನಮಗೆ ಅವರು ಟೀಚರಕ್ಕ. ಟೀಚರಕ್ಕ ಚಾಪೆಯ ಮೇಲೆ ಒಂದು ಮೊರದ ತುಂಬ ಹುಣಸೆ ಬೀಜ ಸುರಿದಿದ್ದರು. ಸುತ್ತ ಹನ್ನೊಂದು ಮಕ್ಕಳು. ದೊಡ್ಡ ಬೀಜ ಒಂದು ಕಡೆ, ಚಿಕ್ಕ ಬೀಜ ಇನ್ನೊಂದು ಕಡೆ ಹಾಕಬೇಕು. ನಾಲ್ಕು ವರ್ಷದ ಒಬ್ಬಳು ಪುಟ್ಟಿ ಒಂದು ಬೀಜ ಎತ್ತಿ ಹಿಡಿದು "ಇದಿ ಪೆದ್ದದಿ" ಅಂದಳು. ಅವರ ಮನೆಯಲ್ಲಿ ಆಡುವುದು ತೆಲುಗು. ಟೀಚರಕ್ಕ "ಹೌದಮ್ಮಾ, ಪೆದ್ದದಿ. ದೊಡ್ಡದು" ಅಂದರು. ಅಷ್ಟೇ. ತಪ್ಪು ಅನ್ನಲಿಲ್ಲ, ಕನ್ನಡದಲ್ಲಿ ಹೇಳು ಅಂತ ಜೋರು ಮಾಡಲಿಲ್ಲ. ಮುಂದಿನ ಬೀಜಕ್ಕೆ ಆ ಮಗು ತಾನೇ "ಪೆದ್ದದಿ, ದೊಡ್ಡದು" ಅಂತ ಎರಡನ್ನೂ ಸೇರಿಸಿ ಹೇಳಿತು.

ಆಮೇಲೆ ಟೀಚರಕ್ಕ ಕೈ ಚಾಚಿ "ನಂಗೆ ಐದು ಬೀಜ ಕೊಡು" ಅಂದರು. ಇಪ್ಪತ್ತರವರೆಗೆ ಗಡಗಡ ಅಂತ ಒಪ್ಪಿಸುವ ಮಗು ಅದು. ಒಂದು ಹಿಡಿ ಬೀಜ ತೆಗೆದು ಕೈಗೆ ಹಾಕಿತು.

ಇಡೀ ವಿಷಯದ ಬೇರು ಇಲ್ಲಿದೆ. ಇಪ್ಪತ್ತರವರೆಗೆ ಹೇಳುವುದು ಬಾಯಿಪಾಠ, ಒಂದು ಹಾಡಿನ ಹಾಗೆ. ಒಂದು ಬೀಜಕ್ಕೆ ಒಂದೇ ಸಂಖ್ಯೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಅನ್ನುವುದಕ್ಕೆ ಉತ್ತರ ಅಂತ ತಿಳಿಯುವುದು ಬೇರೆ. ಅದು ಕೈಯಲ್ಲಿ ಮುಟ್ಟಿ, ಜೋಡಿಸಿ, ತಪ್ಪಿ, ಮತ್ತೆ ಎಣಿಸಿದರೆ ಮಾತ್ರ ಬರುತ್ತದೆ. ದೊಡ್ಡದು ಚಿಕ್ಕದು ಬೇರೆ ಮಾಡುವುದು, ಯಾವ ಗುಡ್ಡೆಯಲ್ಲಿ ಜಾಸ್ತಿ ಇದೆ ಅಂತ ನೋಡುವುದು, ಒಂದು ಹುಣಸೆ ಬೀಜ ಒಂದು ಕಲ್ಲು ಅಂತ ಸಾಲು ಜೋಡಿಸುವುದು ಎಲ್ಲ ಲೆಕ್ಕವೇ. ಹೊರಗಿನಿಂದ ನೋಡುವವರಿಗೆ ಆಟ. ಇದು ಬರದೆ ನನ್ನ ತರಗತಿಗೆ ಬಂದ ಮಗುವಿಗೆ ಕೂಡುವ ಲೆಕ್ಕ ಕಲಿಸುವಾಗ ನಾನು ಮತ್ತೆ ಹುಣಸೆ ಬೀಜದಿಂದಲೇ ಶುರು ಮಾಡಬೇಕಾಗುತ್ತದೆ.

ಬರೆಯುವುದೂ ಹಾಗೇ. ಮೂರು ವರ್ಷದ ಮಗುವಿನ ಮಣಿಕಟ್ಟಿನ ಮೂಳೆಗಳು ಪೂರ್ತಿ ಗಟ್ಟಿಯಾಗುವುದಕ್ಕೆ ಇನ್ನೂ ವರ್ಷಗಳು ಬೇಕು. ಮಣ್ಣು ಕಲಸುವುದು, ಕಾಗದ ಹರಿಯುವುದು, ಮಣಿ ಪೋಣಿಸುವುದು ಆ ಬೆರಳುಗಳಿಗೆ ಬೇಕಾದ ಕೆಲಸ. ಆ ವಯಸ್ಸಿನಲ್ಲಿ ನಾಲ್ಕು ಗೆರೆ ಪುಸ್ತಕ ಕೊಟ್ಟು ಪುಟಗಟ್ಟಲೆ ಅಕ್ಷರ ತಿದ್ದಿಸಿದರೆ ಅಪ್ಪ ಅಮ್ಮನಿಗೆ ಖುಷಿಯಾಗುತ್ತದೆ, ಮಗುವಿಗೆ ಕೈ ನೋಯುತ್ತದೆ.

ಆ ಬೆಳಿಗ್ಗೆ ಟೀಚರಕ್ಕ ಆ ಪುಟ್ಟಿಯ ಕೈ ಹಿಡಿದು "ಒಂದು..." ಅಂತ ಶುರು ಮಾಡಿದರು. ಬಾಗಿಲಲ್ಲಿ ಒಬ್ಬ ಬಾಣಂತಿ ಬಂದು ನಿಂತರು, ಮನೆಗೆ ಒಯ್ಯುವ ಪೌಷ್ಟಿಕ ಆಹಾರದ ಪೊಟ್ಟಣಕ್ಕೆ. ಅವರ ಮುಖದ ಫೋಟೊ ಮೊಬೈಲಿನಲ್ಲಿ ಹೊಂದಬೇಕು, ಆಗಲೇ ಕೊಡಲು ಸಾಧ್ಯ. ಕೋಣೆಯೊಳಗೆ ಸಿಗ್ನಲ್ ಇಲ್ಲ. ಟೀಚರಕ್ಕ ಎದ್ದು ಅಂಗಳದ ಬೇವಿನ ಮರದ ಕೆಳಗೆ ಹೋದರು. ವಾಪಸ್ ಬರುವಾಗ ಇಪ್ಪತ್ತು ನಿಮಿಷ ಕಳೆದಿತ್ತು. ಮಕ್ಕಳು ಬೀಜ ಎರಚಾಡಿ ಮುಗಿಸಿದ್ದರು. ಸಹಾಯಕಿ ಒಲೆ ಮುಂದೆ ಇದ್ದರು, ಅನ್ನ ಕುದಿಯುತ್ತಿತ್ತು.

ಯಾರದ್ದು ತಪ್ಪು? ಟೀಚರಕ್ಕನದಂತೂ ಅಲ್ಲ. ಬಾಣಂತಿಗೆ ಆಹಾರ ಕೊಡುವುದೂ ಅವರ ಕೆಲಸವೇ. ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅಂಗನವಾಡಿ ಹುಟ್ಟಿದ್ದು ಯಾಕೆ ಅಂತ ನೋಡಬೇಕು.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಶುರು ಮಾಡಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಆಗ ದೊಡ್ಡ ಚಿಂತೆ ಹಸಿವು, ರೋಗ, ಎಳೆ ಮಕ್ಕಳ ಸಾವು. ಹಾಗಾಗಿ ಆರು ಸೇವೆಗಳನ್ನು ಒಟ್ಟಿಗೆ ಕಟ್ಟಿದರು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಕಾಯಿಲೆ ಇದ್ದವರನ್ನು ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆಹಾರ-ಆರೋಗ್ಯದ ತಿಳುವಳಿಕೆ, ಜೊತೆಗೆ ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ. ಆರರಲ್ಲಿ ಒಂದು ಮಾತ್ರ ಪಾಠ, ಉಳಿದ ಐದು ಹೊಟ್ಟೆ ಮತ್ತು ಆರೋಗ್ಯದ್ದು. ಇದೆಲ್ಲವನ್ನೂ ಊರಿನ ಒಬ್ಬ ಹೆಣ್ಣುಮಗಳು "ಸೇವೆ" ಅಂತ ಮಾಡುತ್ತಾಳೆ, ಅವಳಿಗೆ ಸಂಬಳ ಬೇಡ, ಗೌರವಧನ ಸಾಕು ಅಂತ ಲೆಕ್ಕ ಹಾಕಿದರು. ಐವತ್ತು ವರ್ಷದ ಹಿಂದೆ ಹಾಕಿದ ಈ ಲೆಕ್ಕ ಇವತ್ತಿಗೂ ಪೂರ್ತಿ ಬದಲಾಗಿಲ್ಲ.

ಬದಲಾಗಿರುವುದು ಅವರಿಂದ ನಾವು ಏನು ಕೇಳುತ್ತೇವೆ ಅನ್ನುವುದು.

ಕಾನೂನಿನ ದಾರಿ ನೋಡಿ. 2002ರಲ್ಲಿ ಸಂವಿಧಾನಕ್ಕೆ 86ನೇ ತಿದ್ದುಪಡಿ ಬಂತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕಾಯಿತು, ಅದು 21ಎ ವಿಧಿ. ಆರು ವರ್ಷದೊಳಗಿನವರನ್ನು 45ನೇ ವಿಧಿಗೆ ಸೇರಿಸಿದರು. ಅವರ ಪಾಲನೆ, ಶಿಕ್ಷಣಕ್ಕೆ ಸರ್ಕಾರ "ಪ್ರಯತ್ನಿಸಬೇಕು" ಅಂತ. ವ್ಯತ್ಯಾಸ ಇಷ್ಟೇ: ಏಳು ವರ್ಷದ ಮಗುವಿಗೆ ಶಾಲೆ ಸಿಗದಿದ್ದರೆ ಕೋರ್ಟಿಗೆ ಹೋಗಿ ಹಕ್ಕು ಅಂತ ಕೇಳಬಹುದು, ನಾಲ್ಕು ವರ್ಷದ ಮಗುವಿನ ಪರವಾಗಿ ಅಷ್ಟು ಜೋರಾಗಿ ಕೇಳಲಾಗುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಕಲಮೂ ಇದೇ ಧಾಟಿಯದು. ಮೂರರಿಂದ ಆರು ವರ್ಷದವರಿಗೆ ಉಚಿತ ಶಾಲಾಪೂರ್ವ ಶಿಕ್ಷಣದ ವ್ಯವಸ್ಥೆಯನ್ನು ಸರ್ಕಾರ "ಮಾಡಬಹುದು" ಅನ್ನುತ್ತದೆ. ಮಾಡಲೇಬೇಕು ಅನ್ನುವುದಿಲ್ಲ. ಊಟದ ವಿಷಯ ಬೇರೆ. 2013ರ ಆಹಾರ ಭದ್ರತೆ ಕಾಯ್ದೆ ಅಂಗನವಾಡಿ ಊಟವನ್ನು ಹಕ್ಕಾಗಿಯೇ ಮಾಡಿತು. ಹೀಗಾಗಿ ಅಂಗನವಾಡಿಯಲ್ಲಿ ಅನ್ನಕ್ಕೆ ಗಟ್ಟಿ ಕಾನೂನಿದೆ, ಹುಣಸೆ ಬೀಜಕ್ಕೆ ಇಲ್ಲ. ತಪಾಸಣೆಗೆ ಬಂದವರು ಮೊದಲು ಅಕ್ಕಿ ಚೀಲ ಎಣಿಸುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಆಮೇಲೆ ಬಂದವು ನೀತಿಗಳು. ಕಾಯ್ದೆ ಮತ್ತು ನೀತಿ ಒಂದೇ ಅಲ್ಲ, ಇದು ತುಂಬಾ ಜನಕ್ಕೆ ಗೊಂದಲ. ಕಾಯ್ದೆ ಮೀರಿದರೆ ಕೇಳುವವರಿದ್ದಾರೆ. ನೀತಿ ಅಂದರೆ ಸರ್ಕಾರ ಹೋಗಬೇಕು ಅಂದುಕೊಂಡಿರುವ ದಾರಿ. 2013ರಲ್ಲಿ ಎಳೆಯ ಮಕ್ಕಳ ಪಾಲನೆ ಮತ್ತು ಶಿಕ್ಷಣಕ್ಕೇ ಅಂತ ಒಂದು ರಾಷ್ಟ್ರೀಯ ನೀತಿ ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷವನ್ನು ಒಂದೇ ಹಂತ ಅಂತ ಕರೆಯಿತು. ಅಂಗನವಾಡಿಯ ಮೂರು ವರ್ಷ, ನಮ್ಮ ಒಂದು ಮತ್ತು ಎರಡನೇ ತರಗತಿ, ಒಟ್ಟು ಐದು. ಮಗುವಿನ ಮಿದುಳಿನ ಬೆಳವಣಿಗೆಯಲ್ಲಿ ಶೇ 85ಕ್ಕಿಂತ ಹೆಚ್ಚು ಆರು ವರ್ಷದೊಳಗೇ ಆಗುತ್ತದೆ ಅನ್ನುವುದು ಆ ನೀತಿಯ ಆಧಾರ. ನಮ್ಮ ಚಾಕಿಯ ಮಾತೇ ಅಲ್ವಾ?

ಕರ್ನಾಟಕ ಆ ನೀತಿ ಬದಲು ತನ್ನದೇ ನೀತಿ ಬೇಕು ಅಂದಿತು. 2023ರಲ್ಲಿ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗ ರಚನೆಯಾಯಿತು. 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಅದರ ಶಿಫಾರಸು 2+8+4. ಎರಡು ವರ್ಷ ಪೂರ್ವ ಪ್ರಾಥಮಿಕ, ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಪ್ರೌಢ. ಎರಡು ನೀತಿಗಳ ನಡುವೆ ಜಗಳ ಏನೇ ಇರಲಿ, ಒಂದು ಮಾತಿಗೆ ಇಬ್ಬರೂ ಒಪ್ಪುತ್ತಾರೆ. ಶಾಲೆ ಒಂದನೇ ತರಗತಿಯಿಂದ ಶುರುವಾಗುವುದಿಲ್ಲ, ಅದಕ್ಕೂ ಮೊದಲೇ ಶುರುವಾಗುತ್ತದೆ.

ತಂದೆ ತಾಯಿಗೆ ಇದು ನೇರವಾಗಿ ತಟ್ಟಿದ್ದು ವಯಸ್ಸಿನ ನಿಯಮದಲ್ಲಿ. 2025-26ರಿಂದ ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅಂತ ರಾಜ್ಯ 2022ರಲ್ಲೇ ಆದೇಶ ಮಾಡಿತ್ತು. ಗಲಾಟೆಯಾದ ಮೇಲೆ ಆ ಒಂದು ವರ್ಷದ ಮಟ್ಟಿಗೆ, ಯುಕೆಜಿ ಮುಗಿಸಿದವರಿಗೆ, 5 ವರ್ಷ 5 ತಿಂಗಳಿಗೆ ಇಳಿಸಿದರು. ಆರು ವರ್ಷ ಅಂದ ತಕ್ಷಣ ಒಂದು ಪ್ರಶ್ನೆ ಏಳುತ್ತದೆ. ಅಲ್ಲಿಯವರೆಗೆ ಮಗು ಎಲ್ಲಿರಬೇಕು? ಅನುಕೂಲ ಇರುವವರ ಮನೆ ಮುಂದೆ ಎಲ್‌ಕೆಜಿ ವ್ಯಾನ್ ಬಂದು ನಿಲ್ಲುತ್ತದೆ. ಇಲ್ಲದವರ ಮಗು ಅಂಗನವಾಡಿಯಲ್ಲಿರುತ್ತದೆ. ಆ ಅಂಗನವಾಡಿ ಚೆನ್ನಾಗಿರಬೇಕು ಅಂತ ನಾನು ಇಷ್ಟು ಹಟ ಹಿಡಿದು ಬರೆಯುವುದು ಇದಕ್ಕೇ.

ಹಾಗಾದರೆ ಅಲ್ಲಿ ಏನು ಕಲಿಸಬೇಕು ಅಂತ ಇದೆಯಾ? ಇದೆ. ನಮ್ಮ ರಾಜ್ಯದ ಅಂಗನವಾಡಿಗಳಲ್ಲಿ "ಚಿಲಿಪಿಲಿ" ಅನ್ನುವ ಚಟುವಟಿಕೆ ಪಠ್ಯ ವರ್ಷಗಳಿಂದ ಬಳಕೆಯಲ್ಲಿದೆ. ನನ್ನ ತರಗತಿಗೆ ಬರುವ ಮಕ್ಕಳ ಬಾಯಲ್ಲಿ ಅದರ ಹಾಡುಗಳು ಇನ್ನೂ ಇರುತ್ತವೆ. 2022ರ ಅಕ್ಟೋಬರ್‌ನಲ್ಲಿ ಮೂರರಿಂದ ಎಂಟು ವರ್ಷಕ್ಕೆ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂತು. 2024ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಎರಡು ಕೈಪಿಡಿ ಹೊರತಂದಿತು. ಮೂರರಿಂದ ಆರು ವರ್ಷದವರಿಗೆ "ಆಧಾರಶಿಲಾ", 48 ವಾರದ ಆಟ-ಪಾಠದ ಯೋಜನೆ. ಹುಟ್ಟಿದಾಗಿನಿಂದ ಮೂರು ವರ್ಷದವರೆಗೆ "ನವಚೇತನಾ", ತಿಂಗಳು ತಿಂಗಳಿಗೆ ಹೊಂದುವ 140 ಚಟುವಟಿಕೆ. ಎರಡನೆಯದು ನನಗೆ ಬಹಳ ಹಿಡಿಸಿತು. ಅದು ಅಂಗನವಾಡಿಯಲ್ಲಿ ಮಾಡುವುದಲ್ಲ. ಮನೆ ಭೇಟಿಗೆ ಹೋದಾಗ ತಾಯಿಗೆ, ಅಜ್ಜಿಗೆ ತೋರಿಸಿಕೊಡುವುದು. ಮಗುವಿನ ಮುಖ ನೋಡಿ ಮಾತಾಡಿಸಿ, ಅದು ಊಂ ಅಂದರೆ ನೀವೂ ಊಂ ಅನ್ನಿ ಅನ್ನುವಂಥದ್ದು. ನಮ್ಮ ಅಜ್ಜಿಯರು ತಟ್ಟಿ ಹಾಡಿ ಮಾಡುತ್ತಿದ್ದುದೇ. ಆದರೆ ನಾಲ್ಕನೇ ಜ್ವರ ಎದ್ದ ಹುಳ ಮನೆಯಲ್ಲಿದ್ದರೆ, ಹೊತ್ತು ಹೊತ್ತಿಗೆ ಸೊಪ್ಪು ಹಾಕುವ ಮನೆಯಲ್ಲಿ ಅಜ್ಜಿಗೂ ಪುರುಸೊತ್ತಿರುವುದಿಲ್ಲ. ಹಾಗಾಗಿ ಒಬ್ಬರು ಬಂದು ನೆನಪಿಸಬೇಕು.

ಭಾಷೆಯ ವಿಷಯ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಅದು ದೊಡ್ಡ ವಿಷಯ. ಬಾಗೇಪಲ್ಲಿ, ಚಿಂತಾಮಣಿ, ಗುಡಿಬಂಡೆ ಕಡೆ, ಆ ಪಕ್ಕ ಕೋಲಾರ ಜಿಲ್ಲೆಯ ಶ್ರೀನಿವಾಸಪುರ, ಮುಳಬಾಗಿಲು ಕಡೆ ಎಷ್ಟೋ ಮನೆಗಳಲ್ಲಿ ತೆಲುಗು. ಶಿಡ್ಲಘಟ್ಟ ಪೇಟೆಯಲ್ಲಿ ನೂಲು ಬಿಚ್ಚುವ ಎಷ್ಟೋ ಮನೆಗಳಲ್ಲಿ ಉರ್ದು. ಎಳೆಯ ಮಗು ಮನೆ ಮಾತಿನಲ್ಲೇ ಕಲಿಯಬೇಕು ಅಂತ ಎಲ್ಲ ನೀತಿಗಳೂ ಹೇಳುತ್ತವೆ. ಕೇಳಲು ಸರಳ. ಒಂದೇ ಕೋಣೆಯಲ್ಲಿ ಮೂರು ಮನೆ ಮಾತು ಇದ್ದರೆ? ಅಲ್ಲಿ ಪುಸ್ತಕ ಕೆಲಸಕ್ಕೆ ಬರುವುದಿಲ್ಲ, ಟೀಚರೇ ಬೇಕು. ಮಗುವಿನ ಮಾತನ್ನು ಮೊದಲು ಒಪ್ಪಿಕೊಂಡು, ಪಕ್ಕದಲ್ಲೇ ಕನ್ನಡ ಪದ ಇಡುವುದು. "ಪೆದ್ದದಿ. ದೊಡ್ಡದು." ಟೀಚರಕ್ಕ ಅವತ್ತು ಮಾಡಿದ್ದು ಅದೇ. ಮನೆ ಮಾತಿನಲ್ಲಿ ದೊಡ್ಡದು-ಚಿಕ್ಕದು ಅರ್ಥವಾದ ಮಗುವಿಗೆ ಕನ್ನಡದಲ್ಲಿ ಬೇಕಾಗುವುದು ಹೊಸ ಪದ ಮಾತ್ರ, ಹೊಸ ತಿಳುವಳಿಕೆ ಅಲ್ಲ. ಮನೆ ಮಾತಿಗೆ ಬಾಯಿ ಮುಚ್ಚಿಸಿದರೆ ಮಗು ಎರಡನ್ನೂ ಕಳೆದುಕೊಳ್ಳುತ್ತದೆ, ಸುಮ್ನೆ ಕೂರುತ್ತದೆ. ಹಾಗೆ ಸುಮ್ಮನೆ ಕೂತ ಮಕ್ಕಳನ್ನು ಒಂದನೇ ತರಗತಿಯಲ್ಲಿ ಮಾತಾಡಿಸಲು ನನಗೆ ತಿಂಗಳುಗಳೇ ಹಿಡಿದಿವೆ.

ಈ ಕುಶಲತೆ ಟೀಚರಕ್ಕನಿಗೆ ಎಲ್ಲಿಂದ ಬಂತು? ಸ್ವಲ್ಪ ಅನುಭವದಿಂದ, ಸ್ವಲ್ಪ ಅವರ ಮನಸ್ಸಿನಿಂದ. ತರಬೇತಿಯಿಂದ ಎಷ್ಟು ಅನ್ನುವುದು ಮುಂದಿನ ಪ್ರಶ್ನೆ.

ಹಿಂದೆ ಎಸ್ಸೆಸ್ಸೆಲ್ಸಿ ಆಗಿದ್ದರೆ ಅಂಗನವಾಡಿ ಕಾರ್ಯಕರ್ತೆ ಆಗಬಹುದಿತ್ತು. ಈಗ ಹೊಸ ನೇಮಕಕ್ಕೆ ಪಿಯುಸಿ ಬೇಕು, ಸಹಾಯಕಿಗೆ ಎಸ್ಸೆಸ್ಸೆಲ್ಸಿ. ಕೆಲಸಕ್ಕೆ ಸೇರಿದ ಮೇಲೆ ವೃತ್ತಿ ತರಬೇತಿ, ಆಮೇಲೆ ಆಗಾಗ ಪುನಶ್ಚೇತನ. ಆದರೆ ಆರು ಸೇವೆಯನ್ನೂ ಆ ದಿನಗಳಲ್ಲೇ ಹೇಳಿಕೊಡಬೇಕು. ತೂಕದ ಚಾರ್ಟ್, ರಿಜಿಸ್ಟರ್, ಚುಚ್ಚುಮದ್ದಿನ ವೇಳಾಪಟ್ಟಿ ಎಲ್ಲ ಮುಗಿದು ಮಗು ಹೇಗೆ ಕಲಿಯುತ್ತದೆ ಅನ್ನುವುದಕ್ಕೆ ಉಳಿಯುವ ಸಮಯ ಎಷ್ಟು ಅಂತ ನೀವೇ ಊಹಿಸಿ. ನನ್ನನ್ನೇ ತೆಗೆದುಕೊಳ್ಳಿ. ಒಂದನೇ ತರಗತಿಗೆ ಪಾಠ ಮಾಡಲು ಎರಡು ವರ್ಷ ಡಿ.ಇಡಿ ಓದಿದ್ದೇನೆ. ಅದಕ್ಕಿಂತ ಚಿಕ್ಕ, ಅದಕ್ಕಿಂತ ಸೂಕ್ಷ್ಮ ವಯಸ್ಸಿನ ಮಕ್ಕಳ ಮುಂದೆ ಕೂರುವವರಿಗೆ ವಾರಗಳ ಲೆಕ್ಕದ ತರಬೇತಿ.

2020ರ ನೀತಿ ಇದನ್ನು ಗಮನಿಸಿತ್ತು. ಪಿಯುಸಿ ಅಥವಾ ಹೆಚ್ಚು ಓದಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್, ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ, ಕೆಲಸ ಬಿಡದೆ ಟಿವಿ, ಮೊಬೈಲ್ ಮೂಲಕ ಕಲಿಯುವ ಹಾಗೆ ಅಂತ ಬರೆಯಿತು. 2023ರ ಮೇ 10ರಂದು ಕೇಂದ್ರ "ಪೋಷಣ್ ಭಿ ಪಢಾಯಿ ಭಿ" ಶುರು ಮಾಡಿತು. ಹೆಸರಿನ ಅರ್ಥ ಪೋಷಣೆಯೂ ಇರಲಿ, ಪಾಠವೂ ಇರಲಿ. ದಿನಕ್ಕೆ ಕಡಿಮೆ ಅಂದರೂ ಎರಡು ಗಂಟೆ ಶಾಲಾಪೂರ್ವ ಶಿಕ್ಷಣ ನಡೆಯಬೇಕು ಅನ್ನುವುದು ಅದರ ಗುರಿ. ಮೊದಲು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಸೂಪರ್‌ವೈಸರ್‌ಗಳಿಗೆ ಎರಡು ದಿನ, ಅವರಿಂದ ಕಾರ್ಯಕರ್ತೆಯರಿಗೆ ಮೂರು ದಿನ ತರಬೇತಿ. ಮೂರು ದಿನ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ಆದರೆ ಆರು ತಿಂಗಳು ಅಂದದ್ದಕ್ಕೂ ಮೂರು ದಿನಕ್ಕೂ ಇರುವ ದೂರ ಚಿಕ್ಕದಲ್ಲ.

ತರಬೇತಿ ಅಂದರೆ ಕ್ಯಾಂಪಿಗೆ ಹೋಗಿ ಬರುವುದಷ್ಟೇ ಅಂತಲೂ ತಿಳಿಯಬೇಡಿ. ನಾನು ನಲಿ-ಕಲಿ ಸರಿಯಾಗಿ ಕಲಿತದ್ದು ಪಕ್ಕದ ಊರಿನ ಹಿರಿಯ ಟೀಚರ್ ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ನೋಡಿದಾಗ. ಅಂಗನವಾಡಿಯವರಿಗೂ ಸರ್ಕಲ್ ಮೀಟಿಂಗ್ ಇದೆ. ಆದರೆ ನಾನು ಕೇಳಿ ತಿಳಿದ ಮಟ್ಟಿಗೆ ಅಲ್ಲಿ ಸಮಯವೆಲ್ಲ ವರದಿ ಕೊಡುವುದಕ್ಕೇ ಹೋಗುತ್ತದೆ. ಅದರಲ್ಲಿ ಒಂದೇ ಒಂದು ಗಂಟೆ "ಈ ತಿಂಗಳು ನಿನ್ನ ಮಕ್ಕಳ ಜೊತೆ ಯಾವ ಆಟ ಚೆನ್ನಾಗಿ ನಡೆಯಿತು, ತೋರಿಸು" ಅನ್ನುವುದಕ್ಕೆ ಇಟ್ಟರೆ ಖರ್ಚಿಲ್ಲದ ತರಬೇತಿ ಅದು. ಸೂಪರ್‌ವೈಸರ್ ಕೂಡ ಭೇಟಿಗೆ ಬಂದಾಗ ಹತ್ತು ನಿಮಿಷ ಮಕ್ಕಳ ಜೊತೆ ಚಾಪೆ ಮೇಲೆ ಕೂತರೆ ಅವರಿಗೇ ಎಷ್ಟೋ ತಿಳಿಯುತ್ತದೆ.

ಇನ್ನು ಮೇಲೇರುವ ದಾರಿ. 2022ರಲ್ಲಿ ಬಂದ ಸಕ್ಷಮ್ ಅಂಗನವಾಡಿ ಮತ್ತು ಪೋಷಣ್ 2.0 ಮಾರ್ಗಸೂಚಿಯಲ್ಲಿ ಒಂದು ಒಳ್ಳೆಯ ಅಂಶ ಇದೆ. ಐದು ವರ್ಷ ಅನುಭವ ಇರುವ ಸಹಾಯಕಿಯರಿಗೆ ಅರ್ಧದಷ್ಟು ಕಾರ್ಯಕರ್ತೆ ಹುದ್ದೆ, ಐದು ವರ್ಷ ಅನುಭವ ಇರುವ ಕಾರ್ಯಕರ್ತೆಯರಿಗೆ ಅರ್ಧದಷ್ಟು ಸೂಪರ್‌ವೈಸರ್ ಹುದ್ದೆ ಬಡ್ತಿಯಲ್ಲಿ ಸಿಗಬೇಕು, ವಿದ್ಯಾರ್ಹತೆ ಮುಂತಾದವು ಇದ್ದರೆ. ಒಲೆ ಮುಂದೆ ಕೂತ ಸಹಾಯಕಿ ಮುಂದೆ ಒಂದು ದಿನ ಚಾಪೆ ಮೇಲೆ ಟೀಚರ್ ಆಗಿ ಕೂರಬಹುದು ಅಂತ ಅರ್ಥ. ಆದರೆ ಇದನ್ನು ಒಂದು ಸೂಪರ್‌ವೈಸರ್ ಹುದ್ದೆಗೆ ಎಷ್ಟು ಅಂಗನವಾಡಿ ಅನ್ನುವುದರ ಜೊತೆ ಇಟ್ಟು ನೋಡಬೇಕು. ಹೆಚ್ಚಿನವರಿಗೆ ಆ ಏಣಿಯಲ್ಲಿ ಜಾಗ ಸಿಗುವುದಿಲ್ಲ. ಅವರು ಇದ್ದ ಜಾಗದಲ್ಲೇ ಇಪ್ಪತ್ತು ಮೂವತ್ತು ವರ್ಷ ಒಳ್ಳೆಯ ಟೀಚರ್ ಆಗಿ ಬೆಳೆಯುತ್ತಾರೆ. ಆ ಬೆಳವಣಿಗೆಗೆ ಏನು ಬೆಲೆ? ಇಲ್ಲಿಗೆ ಬಂದಾಗಲೇ ಟೀಚರ್, ಕಾರ್ಯಕರ್ತೆ ಅನ್ನುವ ಎರಡು ಪದಗಳ ವ್ಯತ್ಯಾಸ ಚುಚ್ಚುವುದು.

ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲಿ ಕಾರ್ಯಕರ್ತೆಗೆ ತಿಂಗಳಿಗೆ 4,500, ಸಹಾಯಕಿಗೆ 2,250 ರೂಪಾಯಿ ಗೌರವಧನ ನಿಗದಿ ಮಾಡಿತು. ಅದರಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ್ದು 40. ಅದರ ಮೇಲೆ ರಾಜ್ಯ ತನ್ನ ಕೈಯಿಂದ ಸೇರಿಸುತ್ತದೆ. 2025ರ ಮಾರ್ಚ್ ಬಜೆಟ್ಟಿನಲ್ಲಿ ಕರ್ನಾಟಕ ಕಾರ್ಯಕರ್ತೆಯರಿಗೆ 1,000, ಸಹಾಯಕಿಯರಿಗೆ 750 ರೂಪಾಯಿ ಹೆಚ್ಚಿಸಿತು. ಗೌರವಧನಕ್ಕೂ ಸಂಬಳಕ್ಕೂ ವ್ಯತ್ಯಾಸ ಏನು ಅಂದರೆ, ಸಂಬಳಕ್ಕೆ ಶ್ರೇಣಿ ಇದೆ, ತುಟ್ಟಿ ಭತ್ಯೆ ಇದೆ, ವರ್ಷಕ್ಕೊಮ್ಮೆ ತಾನಾಗೇ ಏರುತ್ತದೆ. ಗೌರವಧನ ಏರುವುದು ಬಜೆಟ್ಟಿನಲ್ಲಿ ಯಾರಾದರೂ ಮನಸ್ಸು ಮಾಡಿದಾಗ, ಅಥವಾ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತು ಕೇಳಿದಾಗ.

ಕೋರ್ಟುಗಳು ಏನು ಹೇಳಿವೆ? ಎರಡು ತೀರ್ಪು ತಿಳಿದುಕೊಂಡರೆ ಸಾಕು. ಮೊದಲನೆಯದು ನಮ್ಮ ರಾಜ್ಯದ್ದೇ, ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ಪ್ರಕರಣ. 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆ ಸರ್ಕಾರಿ ನಾಗರಿಕ ಹುದ್ದೆಯಲ್ಲಿ ಇರುವವರಲ್ಲ ಅಂತ ಹೇಳಿತು. ಎರಡನೆಯದು 2022ರ ಏಪ್ರಿಲ್ 25ರದ್ದು, ಗುಜರಾತಿನ ಕಾರ್ಯಕರ್ತೆಯರ ಪ್ರಕರಣ. ಅಂಗನವಾಡಿ ಕಾರ್ಯಕರ್ತೆ, ಸಹಾಯಕಿಯರಿಗೆ 1972ರ ಗ್ರಾಚ್ಯುಟಿ (ಕೆಲಸ ಬಿಡುವಾಗ ದುಡಿದ ವರ್ಷಕ್ಕೆ ತಕ್ಕ ಹಾಗೆ ಒಟ್ಟಿಗೆ ಕೊಡುವ ದುಡ್ಡು) ಕಾಯ್ದೆ ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಇವರು ಆಹಾರ ಭದ್ರತೆ ಕಾಯ್ದೆಯ ಕೆಲಸವನ್ನೂ, ಶಿಕ್ಷಣ ಹಕ್ಕು ಕಾಯ್ದೆಯ 11ನೇ ಕಲಮಿನ ಶಾಲಾಪೂರ್ವ ಶಿಕ್ಷಣವನ್ನೂ ಮಾಡುತ್ತಿದ್ದಾರೆ ಅನ್ನುವುದು ಅಲ್ಲಿ ಮುಖ್ಯ ಅಂಶವಾಯಿತು. ಗೌರವಧನ ಅಂತ ಹೆಸರಿಟ್ಟ ಮಾತ್ರಕ್ಕೆ ಅದು ಕೂಲಿ ಅಲ್ಲ ಅಂತಾಗುವುದಿಲ್ಲ.

ಗ್ರಾಚ್ಯುಟಿ ಲೆಕ್ಕ ಹೀಗೆ. ಕೊನೆಯ ತಿಂಗಳ ಮೊತ್ತವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಎಷ್ಟು ವರ್ಷ ದುಡಿದಿದ್ದೀರೋ ಅದರಿಂದ ಗುಣಿಸಬೇಕು. ಉದಾಹರಣೆಗೆ ಕೊನೆಯ ಮೊತ್ತ 12,000, ದುಡಿದದ್ದು 20 ವರ್ಷ ಅಂತಿಟ್ಟುಕೊಳ್ಳಿ. ಸುಮಾರು 1 ಲಕ್ಷ 38 ಸಾವಿರ ರೂಪಾಯಿ. ಅರ್ಧ ಜೀವನ ಕೊಟ್ಟವರಿಗೆ ಇದು ದೊಡ್ಡ ದುಡ್ಡೇನಲ್ಲ. ಆದರೆ "ಸೇವೆ" ಅನ್ನುವುದು "ಕೆಲಸ" ಆಗುವ ದಾರಿಯಲ್ಲಿ ಇದು ದೊಡ್ಡ ಹೆಜ್ಜೆ.

ದುಡ್ಡು, ತರಬೇತಿ ಎರಡೂ ಸರಿಹೋದವು ಅಂತಲೇ ಇಟ್ಟುಕೊಳ್ಳೋಣ. ಆಗಲೂ ಸಮಯದ ಸಮಸ್ಯೆ ಉಳಿಯುತ್ತದೆ. ಬೇವಿನ ಮರದ ಕೆಳಗಿನ ಆ ಇಪ್ಪತ್ತು ನಿಮಿಷ. ಪೋಷಣ್ ಟ್ರ್ಯಾಕರ್ ಆ್ಯಪ್ 2021ರಲ್ಲಿ ಬಂತು. ಮಕ್ಕಳ ಹಾಜರಿ, ತೂಕ, ಎತ್ತರ, ಆಹಾರ ಎಲ್ಲ ಅದರಲ್ಲಿ ತುಂಬಬೇಕು. ಲೆಕ್ಕ ಇರುವುದು ಒಳ್ಳೆಯದೇ. ಆದರೆ ಲೆಕ್ಕ ಬರೆಯುವ ಕೈಯೂ ಹುಣಸೆ ಬೀಜ ಹಿಡಿಯುವ ಕೈಯೂ ಒಂದೇ.

ತಮಿಳುನಾಡಿನಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 640 ಅಂಗನವಾಡಿಗಳನ್ನು ಆರಿಸಿ, ಅರ್ಧದಷ್ಟಕ್ಕೆ ಪಾಠಕ್ಕೇ ಅಂತ ಅರ್ಧ ದಿನದ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಕೊಟ್ಟರು. ಉಳಿದವು ಇದ್ದ ಹಾಗೇ. ಪಾಠದ ಸಮಯ ಎರಡರಷ್ಟಾಯಿತು. ಹದಿನೆಂಟು ತಿಂಗಳಾದ ಮೇಲೆ ಆ ಮಕ್ಕಳು ಲೆಕ್ಕದಲ್ಲೂ ಭಾಷೆಯಲ್ಲೂ ಮುಂದಿದ್ದರು. ಇನ್ನೊಂದು ಫಲವೂ ಬಂತು. ಕುಂಠಿತ ಬೆಳವಣಿಗೆ, ತೀವ್ರ ಅಪೌಷ್ಟಿಕತೆ ಕೂಡ ಕಡಿಮೆಯಾಯಿತು. ಯಾಕೆಂದರೆ ಮೊದಲಿನ ಕಾರ್ಯಕರ್ತೆಗೆ ಆರೋಗ್ಯ, ಆಹಾರದ ಕೆಲಸಕ್ಕೆ ಸಮಯ ಸಿಕ್ಕಿತು. ನನಗೆ ಈ ವಿಷಯದಲ್ಲಿ ಅತಿ ಮುಖ್ಯ ಅನಿಸಿದ್ದು ಇದೇ. ಪಾಠ ಬೇಕೋ ಊಟ ಬೇಕೋ ಅಂತ ಜಗಳ ಬೇಕಿಲ್ಲ. ಇನ್ನೆರಡು ಕೈ ಕೊಟ್ಟರೆ ಎರಡೂ ಆಗುತ್ತದೆ.

ನಮ್ಮಲ್ಲೂ ಬದಲಾವಣೆ ಆಗುತ್ತಿದೆ. ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ಶುರು ಮಾಡುವ ಮಾತು ಬಂದಾಗ ಅಂಗನವಾಡಿಯವರು ಬೀದಿಗಿಳಿದರು. ಮಕ್ಕಳೆಲ್ಲ ಅಲ್ಲಿಗೆ ಹೋದರೆ ನಮಗೇನು ಉಳಿಯುತ್ತದೆ ಅನ್ನುವುದು ಅವರ ಭಯ, ನ್ಯಾಯವಾದ ಭಯ. 2024ರ ಜುಲೈನಲ್ಲಿ ಬೆಂಗಳೂರಿನ 250 ಅಂಗನವಾಡಿಗಳನ್ನು ಸರ್ಕಾರಿ ಮಾಂಟೆಸ್ಸರಿ ಅಂತ ಮೇಲ್ದರ್ಜೆಗೆ ಏರಿಸಿದರು. ನನ್ನ ಆಸೆ, ಬೋರ್ಡಿನ ಮೇಲೆ ಎಲ್‌ಕೆಜಿ ಅಂತ ಬರೆದ ಕೂಡಲೇ ಮೊರದಲ್ಲಿನ ಬೀಜ ಹೋಗಿ ನಾಲ್ಕು ಗೆರೆ ಪುಸ್ತಕ ಬರಬಾರದು.

ಹಳ್ಳಿಯವರ ಕೈಯಲ್ಲೂ ಒಂದು ಅವಕಾಶ ಇದೆ. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಇರುತ್ತದೆ, ಮಕ್ಕಳ ತಾಯಂದಿರೂ ಅದರಲ್ಲಿರುತ್ತಾರೆ. ಆ ಬೆಳಿಗ್ಗೆ ನೋಡಿದ್ದನ್ನು ನಾನು ನಮ್ಮ ಸಮಿತಿಯ ಸಭೆಯಲ್ಲಿ ಹೇಳಿದೆ. ಒಬ್ಬ ತಾಯಿ "ಅದಕ್ಕೇನ್ ಮೇಡಂ, ನಾವು ಮಧ್ಯಾಹ್ನದ ಮೇಲೆ ಬಂದರಾಯ್ತು. ಬೆಳಿಗ್ಗೆ ಸೊಪ್ಪು ಕೊಯ್ಯೋದು ನಮಗೂ ಇರುತ್ತೆ" ಅಂದರು. ಯಾರಿಗೂ ಹೊಳೆಯದ ಉಪಾಯವೇನಲ್ಲ, ಯಾರೂ ಅವರನ್ನು ಕೇಳಿರಲಿಲ್ಲ ಅಷ್ಟೇ. ಈಗ ಪೊಟ್ಟಣಕ್ಕೆ ಬರುವವರು ಎರಡು ಗಂಟೆಯ ಮೇಲೆ ಬರುತ್ತಾರೆ. ಬೆಳಿಗ್ಗೆ ಮೊಬೈಲ್ ಕಪಾಟಿನಲ್ಲಿರುತ್ತದೆ.

ಟೀಚರಕ್ಕ ಮೂರು ದಿನದ ತರಬೇತಿ ಮುಗಿಸಿ ಬಂದ ವಾರ ನಾನು ಅಲ್ಲಿಗೆ ಹೋಗಿದ್ದೆ. ಕೈಪಿಡಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದುಕೊಂಡಿದ್ದರು. "ಮೇಡಂ, ಆರು ತಿಂಗಳ ಕೋರ್ಸು ಕನ್ನಡದಲ್ಲಿ ಬಂದರೆ ನನಗೆ ಹೇಳಿ, ನಾನು ಓದ್ತೀನಿ" ಅಂದರು. ಅವರಿಗೆ ಈಗ ನಲವತ್ತಾರು ವರ್ಷ. ಅಷ್ಟರಲ್ಲಿ ಆ ಪುಟ್ಟಿ ನನ್ನ ಹತ್ತಿರ ಬಂದು ಕೈ ಬಿಡಿಸಿ ಒಂದೊಂದೇ ಬೀಜ ಇಟ್ಟಳು. ಒಕಟಿ, ರೆಂಡು, ಮೂಡು ಅಂತ ಶುರು ಮಾಡಿ ಕೊನೆಗೆ ಐದು ಅಂದು ನಿಲ್ಲಿಸಿದಳು. ತೆಲುಗಿನಲ್ಲೂ ಐದೇ, ಕನ್ನಡದಲ್ಲೂ ಐದೇ. ನಾನು ಎಣಿಸಿ ನೋಡಿದೆ, ಸರಿಯಾಗಿತ್ತು.